ಹುಳಿ ದ್ರಾಕ್ಷಿ, ಬಿಳಿ ವೈನು ಮತ್ತ ನಮ್ಮಪ್ಪ

ಬಿಳಿ ವೈನ್ ಅಂತ ಹೆಸರಿದ್ರೂ ಅದು ಬಿಳಿ ಇರಂಗಿಲ್ಲ ನೋಡ್ರಿ. ಒಂದು ನೀರಿನಂಗ ತಿಳಿ ಇರ್ತೈತಿ, ಇನ್ನೊಂದು ಒಣಗಿದ ಹುಲ್ಲಿನ ಬಣ್ಣ, ಮತ್ತೊಂದು ಹಳೇ ಜೇನತುಪ್ಪದಂಗ. ಅಷ್ಟ ಅಲ್ಲ, ಬಿಳಿ ವೈನ್ ಆಗೂ ದ್ರಾಕ್ಷಿ ಎಲ್ಲಾ ಬಿಳೀನೂ ಅಲ್ಲ. ನಾವಿರೂ ಊರಾಗ, ಮನಿ ಹಿಂದಿನ ಗುಡ್ಡದ ಮ್ಯಾಲ ಗ್ರೌಬುರ್ಗುಂಡರ್ ಅಂತ ಒಂದು ತಳಿ ಐತಿ. ಫ್ರೆಂಚರು ಅದಕ್ಕ ಪಿನೋ ಗ್ರಿ ಅಂತಾರ, ಇಟಲಿಯವರು ಪಿನೋ ಗ್ರಿಜೋ. ಹಣ್ಣಾದ ಮ್ಯಾಲ ಅದರ ಸಿಪ್ಪಿ ಉಳ್ಳಾಗಡ್ಡಿ ಸಿಪ್ಪಿ ಬಣ್ಣಕ್ಕ ಬರ್ತೈತಿ, ಹಿಂಡಿದ್ರ ರಸ ಮಾತ್ರ ಬಿಳೇದು. ಬಣ್ಣ ಇರೂದು ಸಿಪ್ಪಿಯೊಳಗ, ತಿರುಳಿನ್ಯಾಗ ಅಲ್ಲ. ಕೆಂಪ ವೈನಿಗೆ ಸಿಪ್ಪಿ ಸಮೇತ ಹುದುಗು ಬರಾಕ ಬಿಡ್ತಾರ, ಬಿಳಿ ವೈನಿಗೆ ಮೊದಲ ಹಿಂಡಿ, ಸಿಪ್ಪಿ ತಗದು, ಬರೇ ರಸಾ ಇಡ್ತಾರ.

ಜರ್ಮನಿ ಅಂದ ಕೂಡಲೆ ಊರ ಮಂದಿ ಬೀರ್ ಬಗ್ಗೆ ಕೇಳ್ತಾರ. ನಾವಿರೂದು ಬೀರಿನ ಸೀಮಿ ಅಲ್ರಿ. ಮೈನ್ಜ್ ಪಟ್ಟಣದ ದಕ್ಷಿಣಕ್ಕ ರೈನ್‌ಹೆಸನ್ ಅಂತ ಐತಿ, ಜರ್ಮನಿಯೊಳಗ ಎಲ್ಲಕ್ಕಿಂತ ದೊಡ್ಡ ವೈನ್ ಸೀಮಿ ಇದು. ಕಿಟಕಿ ತಗದ್ರ ಬಳ್ಳಿ, ಬಸ್ ಹತ್ತಿದ್ರ ಬಳ್ಳಿ. ನಮ್ಮ ಮನಿಯವರ ನೌಕರಿ ಸಲುವಾಗಿ ಬಂದು ಹನ್ನೊಂದು ವರ್ಷ ಆತು. ಬಾಜೂ ಮನಿ ಅಜ್ಜಿ (ಎಲ್ಲಾರೂ ಓಮಾ ಅಂತಾರ, ಅಂದ್ರನೂ ಅಜ್ಜಿನ) ಮತ್ತ ಆಕಿ ಮಗಾ ಸೇರಿ ಸಣ್ಣದೊಂದು ತೋಟ ಮಾಡ್ಯಾರ. ಸುಗ್ಗಿ ಒಳಗ ನಾನೂ ಕತ್ತರಿ ಹಿಡಕೊಂಡು ಹೋಗ್ತೀನಿ. ಕೂಲಿಗಲ್ಲ, ಚಟಕ್ಕ. ದ್ರಾಕ್ಷಿ ಗೊನಿ ಕೈಯಾಗ ಹಿಡದ್ರ ನನಗ ತವರಮನಿ ನೆನಪಾಗ್ತೈತಿ.

ಯಾಕಂದ್ರ ನಮ್ಮ ತವರ ವಿಜಯಪುರ ಜಿಲ್ಲಾ, ತಿಕೋಟಾ ಕಡೆ. ಅಜ್ಜನ ಕಾಲಕ್ಕ ಜ್ವಾಳ, ಅಪ್ಪನ ಕಾಲಕ್ಕ ದ್ರಾಕ್ಷಿ. ಏಳ ಎಕರೆ ಥಾಮ್ಸನ್ ಸೀಡ್‌ಲೆಸ್ ಐತಿ. ಹಣ್ಣು ಹರದು, ಎಣ್ಣಿ ಮತ್ತ ಪೊಟ್ಯಾಶಿಯಂ ಕಾರ್ಬೊನೇಟ್ ಕಲಸಿದ ನೀರಾಗ ಅದ್ದಿ, ಶೆಡ್ಡಿನ ಜಾಳಗಿ ಮ್ಯಾಲ ಹರವಿ, ನೆರಳಾಗ ಒಣಗಸಿ ಮಣೂಕ ಮಾಡ್ತಾರ. ನಾಕ ಕಿಲೋ ಹಣ್ಣಿಗೆ ಒಂದ ಕಿಲೋ ಮಣೂಕ. ಅದರೊಳಗ ಸಕ್ರಿ ಎಷ್ಟ ಜಾಸ್ತಿ ಇರ್ತೈತಿ, ಕಾಳು ಅಷ್ಟ ತೂಕ ಬರ್ತೈತಿ. ನಮ್ಮಪ್ಪಂದು ಮೂವತ್ತ ವರ್ಷದ ಬಾಳೇವು ಬರೇ ಸಿಹಿ ಹಿಂದ ಓಡಿದ ಬಾಳೇವು. ಅಂವನ ಅಂಗಿ ಕಿಸೇದಾಗ ಪೆನ್ ಇಲ್ಲದಿದ್ರೂ ಬ್ರಿಕ್ಸ್ ಮೀಟರ್ ಇರ್ತೈತಿ. ಒಂದ ಹನಿ ರಸಾ ಹಾಕಿ, ಬೆಳಕಿಗೆ ಹಿಡದು ನೋಡಿದ್ರ ಸಕ್ರಿ ಎಷ್ಟಂತ ಗೆರಿ ಕಾಣಸ್ತೈತಿ. 22 ದಾಟೂ ತನಕ ಅಂವಾ ಗೊನಿ ಮುಟ್ಟಾಕ ಬಿಡಂಗಿಲ್ಲ.

ಈ ಸಲ ಸೆಪ್ಟೆಂಬರದಾಗ ಅಪ್ಪ ಅವ್ವ ಇಬ್ಬರೂ ಬಂದಿದ್ರು. ಅಕ್ಟೋಬರ್ ಹತ್ತರೊಳಗ ವಾಪಸ್ ಹೋಗಬೇಕು, ಚಾಟಣಿ ಐತಿ ಅಂತ ಟಿಕೀಟ ತಗಸೂವಾಗನ ಹೇಳಿಬಿಟ್ಟಿದ್ದ. ಬರೂ ಮುಂದ ಮನ್ಯಾಗ ಒಂದು ಗುದ್ದಾಟ ನಡದಿತ್ತು. ಒಂದು ವೈನ್ ಕಂಪನಿಯವರು ನಮ್ಮ ತಮ್ಮನ್ನ ಹಿಡದಿದ್ರು. ಎರಡ ಎಕರೆ ಥಾಮ್ಸನ್ ತಗದು ಶೆನಿನ್ ಬ್ಲಾಂ ಹಚ್ರಿ, ಐದ ವರ್ಷದ ಕರಾರ, ಕಿಲೋಕ್ಕ ಇಷ್ಟ ಅಂತ ರೇಟು ಈಗ ಬರದ ಕೊಡ್ತೀವಿ ಅಂದಿದ್ರು. ತಮ್ಮಗ ಹೌದನ್ನಿಸಿತ್ತು. ಎರಡ ವರ್ಷ ಹರಿಯೂ ಹೊತ್ತಿನಾಗ ಮಳಿ ಹೊಡದು ಮಣೂಕ ಕರ‍್ರಗಾಗಿ ರೇಟ್ ಬಿದ್ದದ್ದು ಅಂವನ ತಲಿಯೊಳಗಿತ್ತು. ಅವ್ವ ಒಂದ ಮಾತಿನಾಗ ಮುಗಿಸಿದ್ಲು: "ಸೆರೇಕ್ಕ ಹಣ್ಣ ಬೆಳಿಯೂ ಹಣೇಬಾರ ನಮಗ ಬಂದಿಲ್ಲ." ಅಪ್ಪ ಏನೂ ಅಂದಿರಲಿಲ್ಲ. "ಅಕ್ಕನ ಕಡೆ ಹೋಗಿ ನೋಡಕೊಂಡ ಬರ್ತೀನಿ" ಅಂದಿದ್ದ. ಅಂದ್ರ, ಮಗಳನ್ನ ಮಾತಾಡಸಾಕ ಬರೂ ನೆವದಾಗ ಬಳ್ಳಿ ನೋಡಾಕ ಬಂದಿದ್ದ!

ಬಂದ ಎರಡನೇ ದಿನಾನ ಗುಡ್ಡ ಹತ್ತಿದ. ಮೊದಲ ಅಂವಗ ಕಣ್ಣಿಗೆ ಬಿದ್ದದ್ದು ಕಾಳಿನ ಗಾತ್ರ. "ಇದೇನ್ ಯವ್ವಾ, ಜಾಲಿ ಕಾಯಿಯಂಗ ಐತಲ್ಲ! ಇವರು ಜಿಎ ಕೊಡಂಗಿಲ್ಲೇನು?" ನಮ್ಮಲ್ಲೆ ಜಿಬ್ಬರೆಲಿಕ್ ಆಸಿಡ್ ನೀರಾಗ ಗೊನಿ ಅದ್ದಿ ಕಾಳು ಉಬ್ಬಸ್ತಾರ. ವೈನಿನವರಿಗೆ ಉಬ್ಬಿದ ಕಾಳು ಬ್ಯಾಡ. ವಾಸನಿ ಇರೂದು ಸಿಪ್ಪಿ ಮತ್ತ ಸಿಪ್ಪಿಗೆ ಹತ್ತಿದ ತಿರುಳಿನ್ಯಾಗ, ಕಾಳು ಸಣ್ಣದಿದ್ರ ರಸಕ್ಕ ಸಿಪ್ಪಿ ಪಾಲು ಜಾಸ್ತಿ. ಬೀಜಾನೂ ಇರ್ತಾವ. ಅಪ್ಪ ಒಂದೊಂದ ಸಾಲಿನಾಗ ಒಂದೊಂದ ಕಾಳು ಬಾಯಾಗ ಹಾಕ್ಕೋತ, ಬೀಜ ಉಗುಳಕೋತ ನಡದ. ಓಮಾನ ಮಗಾ ಬ್ಯಾಡ ಅನ್ನಲಿಲ್ಲ. ಬಳ್ಳಿ ನೋಡೂ ಮನಷಾನ್ನ ಬಳ್ಳಿ ಬೆಳದಾಂವ ಗುರ್ತ ಹಿಡೀತಾನ.

ಮೊದಲನೇ ಸಾಲು ಮ್ಯೂಲರ್ ತುರ್ಗಾವ್, ಆಗಲೇ ಕೊಯ್ದ ಮುಗದಿತ್ತು. ಸ್ವಿಸ್ ದೇಶದ ತುರ್ಗಾವ್ ಕಡೆಯ ಹರ್ಮನ್ ಮ್ಯೂಲರ್ ಅನ್ನಾಂವ 1882ರಾಗ ನದಿ ಆಚೆ ದಂಡಿ ಗೈಸನ್‌ಹೈಮ್ ಸಂಶೋಧನಾ ಕೇಂದ್ರದಾಗ ಮಾಡಿದ ಕೂಡುತಳಿ. ಲಗೂನ ಹಣ್ಣಾಗ್ತೈತಿ, ಭಾಳ ಬಿಡ್ತೈತಿ, ವೈನು ಮೆತ್ತಗ, ದಿನಾ ಕುಡಿಯೂವಂಥಾದ್ದು. ಅದರ ಬಗ್ಗೆ ಇದಕ್ಕಿಂತ ಹೆಚ್ಚ ಹೇಳೂದ ನನಗೇನೂ ಕಾಣಸಂಗಿಲ್ಲ. ಆಮ್ಯಾಲ ಸಿಲ್ವಾನರ್, ಒಂದ ಕಾಲಕ್ಕ ಜರ್ಮನಿಯೊಳಗ ಎಲ್ಲಕ್ಕಿಂತ ಹೆಚ್ಚ ಇದ್ದ ತಳಿ. ಇದಕ್ಕ ತನ್ನದು ಅಂತ ಜೋರ ವಾಸನಿ ಇಲ್ಲ, ಮಣ್ಣಿನ ರುಚಿ ಹಿಡಕೊಂಡ ಬರ್ತೈತಿ. ವಸಂತದಾಗ ಇಲ್ಲಿ ಮಂದಿ ಬಿಳಿ ಶತಾವರಿ ದಂಟು ಬೇಯಿಸಿ, ಬೆಣ್ಣಿ ಹಾಕ್ಕೊಂಡು ತಿಂತಾರ, ಅದರ ಜೋಡಿ ಸಿಲ್ವಾನರ್ ಆಗಲೇಬೇಕು. ನಮ್ಮಲ್ಲೆ ಸೀಕರಣಿ ಜೋಡಿ ಚಪಾತಿ ಆಗಬೇಕಲ್ಲ, ಹಂಗ.

ಶೊಯ್‌ರೇಬೆ ಸಾಲಿಗೆ ಬಂದಾಗ ಅಪ್ಪ ನಿಂತ. ಎರಡನೇ ಕಾಳು ಹಾಕ್ಕೊಂಡ. "ಇದರಾಗ ಚಕ್ಕೋತ ಐತಲ್ಲ" ಅಂದ. ಖರೇನ ಐತ್ರಿ. ಇಲ್ಲೇ ನಮ್ಮ ರೈನ್‌ಹೆಸನ್ನಿನ ಆಲ್ತ್‌ಸೈ ಊರಾಗ 1916ರಾಗ ಗೆಯೋರ್ಗ್ ಶೊಯ್ ಅನ್ನಾಂವ ಮಾಡಿದ ತಳಿ, ಅಂವನ ಹೆಸರ ಇಟ್ಟಾರ. ಅದರ ಮುಂದಿನ ನಾಕ ಬಳ್ಳಿ ಗೆವುರ್ಟ್ಸ್‌ಟ್ರಾಮಿನರ್, ಓಮಾ ತನ್ನ ಸಲುವಾಗಿ ಇಟಗೊಂಡದ್ದು. ಅದರ ಕಾಳೂ ಗುಲಾಬಿ ಬಣ್ಣ, ವಾಸನೀನೂ ಗುಲಾಬಿ. ಅವ್ವ ಒಂದ ಕಾಳ ಬಾಯಾಗ ಹಾಕ್ಕೊಂಡು "ಗುಲಕಂದ!" ಅಂದ್ಲು. ಆಮ್ಯಾಲ ಹೋಗೂವಾಗ, ಬರೂವಾಗ ಆ ನಾಕ ಬಳ್ಳಿಗೆ ಅವ್ವನ ಕೈ ಹೋಗೂದು ತಪ್ಪಲಿಲ್ಲ. ಗುಲಾಬಿ ಹೂವಿನ ಎಣ್ಣಿಯೊಳಗ ಇರೂ ಸುಗಂಧದ ಅಂಶಗಳ ಈ ತಳಿ ಸಿಪ್ಪಿಯೊಳಗೂ ಇರ್ತಾವ, ಹಂಗಾಗಿ ಗುಲಕಂದ ಅಂದದ್ದು ಬರೇ ಕಲ್ಪನಾ ಅಲ್ಲ.

ಕೊನಿಗೆ ರೀಸ್ಲಿಂಗ್. ಗುಡ್ಡದ ನೆತ್ತಿ ಮ್ಯಾಲ, ಕಲ್ಲ ಜಾಗಾದಾಗ. ಇದು ಜರ್ಮನಿಯ ಮರ್ಯಾದಿ ಇದ್ದಂಗ. ಸುಮಾರ 24 ಸಾವಿರ ಹೆಕ್ಟೇರ್ ಐತಿ, ಅಂದ್ರ ನಮ್ಮ ಲೆಕ್ಕದಾಗ ಅರವತ್ತ ಸಾವಿರ ಎಕರೆ. ಇದರ ಹೆಸರ ಕಾಗದದ ಮ್ಯಾಲ ಮೊದಲ ಸಿಗೂದು 1435ರಾಗ, ಇಲ್ಲಿಂದ ಹತ್ತಿರದ ರ‍್ಯೂಸಲ್ಸ್‌ಹೈಮ್ ಊರಿನ ಒಂದು ಖರ್ಚಿನ ಪಟ್ಟಿಯೊಳಗ. ಗಿಡಾ ಕೊಂಡ ಲೆಕ್ಕ. ಅರಸನ ಶಾಸನ ಅಲ್ಲ, ಕವಿ ಹಾಡಿದ್ದಲ್ಲ, ರೊಕ್ಕ ಕೊಟ್ಟ ಚೀಟಿ. ಅಪ್ಪಗ ಇದು ಭಾಳ ಸೇರತು.

ಆದ್ರ ಕಾಳು ಬಾಯಾಗ ಹಾಕ್ಕೊಂಡ ಕೂಡಲೆ ಮಾರಿ ಕಿವಚಿದ. "ಹುಣಸೀಕಾಯಿ ಇದು!" ಅಂದ. ಕಿಸೇದಾಗಿನ ಮೀಟರ್ ತಗದು ಹಿಂಡಿ ನೋಡಿದ, 17. "ನಮ್ಮಲ್ಲೆ ಇದನ್ನ ಹರದ್ರ ಮಂದಿ ನಗ್ತಾರ." ಓಮಾನ ಮಗಾ ತನ್ನ ಮೀಟರ್ ತಗದ. ಅದರಾಗ 70 ಅಂತ ತೋರಸ್ತು. ಇಬ್ಬರೂ ಒಬ್ಬರದೊಬ್ಬರು ಮೀಟರ್ ಇಸಗೊಂಡು ನೋಡಿದ್ದ ನೋಡಿದ್ದು. ಇಲ್ಲಿ ಬ್ರಿಕ್ಸ್ ಅನ್ನಂಗಿಲ್ಲ, ಎಕ್ಸ್‌ಲೆ ಅಂತಾರ, ಫರ್ಡಿನಾಂಡ್ ಎಕ್ಸ್‌ಲೆ ಅನ್ನೂವನ ಹೆಸರಿಲೆ. ನೀರಿಗಿಂತ ರಸಾ ಎಷ್ಟ ಭಾರ ಅನ್ನೂ ಲೆಕ್ಕ ಅದು. ಬ್ರಿಕ್ಸನ್ನ ನಾಕರಿಂದ ಗುಣಿಸಿ ಸ್ವಲ್ಪ ಮ್ಯಾಲ ಇಟ್ರ ಎಕ್ಸ್‌ಲೆ ಬರ್ತೈತಿ. ಭಾಷಾ ಗೊತ್ತಿಲ್ಲದ ಇಬ್ಬರೂ ಬೆರಳ ಎಣಿಸಿ ಇದನ್ನ ಬಗೀಹರಿಸಿಕೊಂಡ್ರು, ನಾ ಬರೇ ನಿಂತ ನೋಡಿದೆ.

ಇಲ್ಲಿಂದ ಮುಂದಿಂದು ನನಗೂ ತಿಳೀಲಿಕ್ಕೆ ವರ್ಷಗಟ್ಟಲೆ ಹಿಡದ ವಿಷಯ. ಬಿಳಿ ವೈನಿನ್ಯಾಗ ಸಿಹಿ ಅಂಬೂದು ಅರ್ಧಾ ಮಾತು ಅಷ್ಟ. ಸಕ್ರಿ ಹುದುಗಿನ ಬಾಯಿಗೆ ಹೋಗಿ ಅಮಲಾಗ್ತೈತಿ, ಒಂದ ಲೀಟರಿನ್ಯಾಗ ಸುಮಾರ 17 ಗ್ರಾಂ ಸಕ್ರಿ ಕರಗಿದ್ರ ಅಮಲು ನೂರಕ್ಕ ಒಂದು ಏರ್ತೈತಿ. ಸಕ್ರಿ ಹೋದಮ್ಯಾಲ ನಾಲಿಗಿ ಮ್ಯಾಲ ಉಳಿಯೂದು ಏನು? ಹುಳಿ. ಕೆಂಪ ವೈನಿಗೆ ಸಿಪ್ಪಿಯೊಳಗಿನ ಒಗರು ಬೆನ್ನೆಲುಬಾಗಿ ನಿಂದರ್ತೈತಿ. ಬಿಳೀದಕ್ಕ ಸಿಪ್ಪಿ ಇಲ್ಲ, ಒಗರಿಲ್ಲ. ಹುಳಿ ಒಂದ ಅದನ್ನ ಎತ್ತಿ ಹಿಡೀಬೇಕು. ಹುಳಿ ಇಲ್ಲದ ಬಿಳಿ ವೈನು ಉಪ್ಪಿಲ್ಲದ ಸಾರಿನಂಗ, ಬಾಯಾಗ ಬಿದ್ದಲ್ಲೇ ಬೀಳ್ತೈತಿ. ಥಾಮ್ಸನ್ನಿಂದಾನೂ ವೈನ್ ಆಗ್ತೈತಿ, ಒಂದ ಕಾಲಕ್ಕ ಕ್ಯಾಲಿಫೋರ್ನಿಯಾದಾಗ ಅಗ್ಗದ ಬಿಳಿ ವೈನಿಗೆ ಅದನ್ನ ಭಾಳ ಹಾಕ್ತಿದ್ರು. ಹೊಟ್ಟಿ ತುಂಬಸೂ ವೈನು, ನೆನಪ ಉಳಿಯೂ ವೈನಲ್ಲ. ಅದಕ್ಕ ವಾಸನೀನೂ ಕಡಿಮಿ, ಹುಳೀನೂ ಕಡಿಮಿ.

ಹುಳಿಯೊಳಗೂ ಎರಡ ಥರಾ ಅದಾವ್ರಿ. ಒಂದು ದ್ರಾಕ್ಷಿದು ಅಂತ ಇರೂ ಟಾರ್ಟಾರಿಕ್, ಹುಣಸಿ ಹಣ್ಣಿನ್ಯಾಗೂ ಇದ ಇರೂದು. (ಅಪ್ಪ ಹುಣಸೀಕಾಯಿ ಅಂದದ್ದು ಸುಳ್ಳಲ್ಲ.) ಇನ್ನೊಂದು ಮಾಲಿಕ್, ಹಸರ ಸೇಬಿಂದು. ಈ ಎರಡನೇದು ಬಿಸಲಿಗೆ ಹೆದರೂ ಹುಳಿ. ರಾತ್ರಿ ತಂಪಿದ್ರ ಕಾಳಿನ್ಯಾಗ ಉಳೀತೈತಿ, ಸೆಕಿ ಇದ್ರ ಬಳ್ಳೀನ ಅದನ್ನ ಉರದು ಮುಗಸ್ತೈತಿ. ಅದಕ್ಕ ತಂಪ ದೇಶದ ಬಿಳಿ ವೈನು ಚುರುಕ, ಸೆಕಿ ದೇಶದ್ದು ಮೆತ್ತಗ.

ಹುಳಿ ಭಾಳ ಆದ್ರ ಮನುಷ್ಯಾನೂ ಇಳಸ್ತಾನ. ಶಾರ್ಡನೆ ಅನ್ನೂ ಫ್ರಾನ್ಸಿನ ತಳಿಗೆ ಹಂಗ ಮಾಡ್ತಾರ. ಹುದುಗು ಮುಗದ ಮ್ಯಾಲ ಒಂದ ಥರದ ಬ್ಯಾಕ್ಟೀರಿಯಾ ಬಿಟ್ರ ಅವು ಸೇಬಿನ ಹುಳಿ ತಿಂದು ಮಸರಿನ ಹುಳಿ ಮಾಡ್ತಾವ. ಲ್ಯಾಕ್ಟಿಕ್ ಅಂದ್ರ ನಮ್ಮ ಮಜ್ಜಿಗಿ ಹುಳೀನ. ಅದರ ಜೋಡಿ ಬೆಣ್ಣಿ ವಾಸನೀನೂ ಬರ್ತೈತಿ. ಆಮ್ಯಾಲ ಓಕ್ ಕಟಗಿ ಪೀಪಾಯಿದಾಗ ಇಟ್ರ ವೆನಿಲಾ, ಹುರದ ಬ್ರೆಡ್ಡಿನ ಘಮ. ಅದ ಶಾರ್ಡನೆ ಶಾಬ್ಲಿ ಅನ್ನೂ ತಂಪ ಊರಾಗ ಪೀಪಾಯಿ ವಾಸನಿ ಇಲ್ಲದ ಮಾಡಿದ್ರ ಸುಣ್ಣದ ಕಲ್ಲು ನೆಕ್ಕಿದಂಗ. ಒಂದ ಹೆಣ್ಣು, ತವರಾಗ ಒಂದ ನಮೂನಿ, ಗಂಡನ ಮನ್ಯಾಗ ಒಂದ ನಮೂನಿ, ಹಂಗ. ರೀಸ್ಲಿಂಗಿಗೆ ಮಾತ್ರ ಇಲ್ಲಿ ಯಾರೂ ಬೆಣ್ಣಿ ಹಚ್ಚೂ ಗೋಜಿಗೆ ಹೋಗೂದಿಲ್ಲ. ಅದರ ಹುಳಿ ಹಂಗ ಬಿಟ್ಟು, ಬೇಕಾದ್ರ ಸ್ವಲ್ಪ ಸಕ್ರಿ ಉಳಿಯೂವಾಗನ ಹುದುಗು ನಿಂದರಸ್ತಾರ. ಬಾಟ್ಲಿ ಮ್ಯಾಲ ಟ್ರೋಕನ್ ಅಂತಿದ್ರ ಒಣದು, ಲೀಟರಿಗೆ ಹೆಚ್ಚಂದ್ರ 9 ಗ್ರಾಂ ಸಕ್ರಿ. ಹಾಲ್ಬ್‌ಟ್ರೋಕನ್ ಅಂತಿದ್ರ 18ರ ತನಕ. ಅದಕ್ಕೂ ಮ್ಯಾಲ ಲೀಬ್ಲಿಶ್, ಅಂದ್ರ ಸಿಹಿ. ಅಂಗಡಿಗೆ ಹೋದಾಗ ತಳಿ ಹೆಸರಿಗಿಂತ ಮೊದಲ ಈ ಶಬ್ದ ನೋಡ್ರಿ, ಅರ್ಧಾ ತಲಿಬ್ಯಾನಿ ಕಡಿಮಿ.

ಒಂದ ರವಿವಾರ ಓಮಾ ಮತ್ತ ಮಗನ್ನ ಊಟಕ್ಕ ಕರದೆ. ಅವ್ವ ಊರಿಂದ ತಂದ ಹಿಟ್ಟಿಲೆ ರೊಟ್ಟಿ ಬಡದ್ಲು, ಎಣ್ಣಿಗಾಯಿ, ಶೇಂಗಾ ಹಿಂಡಿ, ಹೆಸರಕಾಳ ಪಲ್ಯ, ಮೊಸರು. ಓಮಾ ಬರೂವಾಗ ಮೂರ ಬಾಟ್ಲಿ ತಂದ್ಲು. ಇಲ್ಲಿ ಅದು ಹೂವಿನ ಗುಚ್ಛ ಇದ್ದಂಗ, ಬ್ಯಾಡ ಅಂದ್ರ ಮನಸ ನೋಯ್ತೈತಿ. ಅವ್ವ ಬಾಟ್ಲಿ ನೋಡಿ ತನ್ನ ಮಜ್ಜಿಗಿ ಲೋಟಾ ಒಂದ ಗೇಣ ಆಚೆ ಸರಿಸಿ ಇಟ್ಲು. ನಾ ಕುಡೀತೀನಿ ಅಂತ ಆಕಿಗೆ ಗೊತ್ತೈತಿ, ಕಣ್ಣ ಮುಂದ ಕುಡದದ್ದು ಅದ ಮೊದಲು.

ಪೀಪಾಯಿಯೊಳಗ ಇಟ್ಟ ಶಾರ್ಡನೆ ಎಣ್ಣಿಗಾಯಿ ಜೋಡಿ ಪೂರಾ ಕೆಟ್ಟತು. ಅಮಲು 13 ದಾಟಿದ್ದ ವೈನು, ಖಾರಾ ತಿಂದ ಬಾಯಾಗ ಬೆಂಕಿ ಮ್ಯಾಲ ಎಣ್ಣಿ ಹೊಯ್ದಂಗಾತು, ಕಟಗಿ ರುಚಿ ಕಹಿ ಆತು. ಟ್ರೋಕನ್ ಸಿಲ್ವಾನರ್ ಹೆಸರಕಾಳ ಪಲ್ಯಕ್ಕ ನಡೀತು, ಹಿಂಡಿಗೆ ಸೋತತು. ಮೂರನೇದು ರೀಸ್ಲಿಂಗ್ ಕಾಬಿನೆಟ್, ಅಮಲು ಬರೇ 8.5, ಸ್ವಲ್ಪ ಸಿಹಿ, ಮ್ಯಾಲ ಹುಳಿ. ಬೆಲ್ಲಾ ಹುಣಸಿ ಹಾಕಿದ ಎಣ್ಣಿಗಾಯಿಗೆ ಬೆಲ್ಲಾ ಹುಣಸಿಯಂಥಾ ವೈನು! ಓಮಾ ಎರಡನೇ ರೊಟ್ಟಿ ಕೇಳಿ ಹಾಕಿಸಿಕೊಂಡ್ಲು. ಖಾರದ ಊಟಕ್ಕ ಬಿಳಿ ವೈನ್ ಆರಿಸೂವರಿಗೆ ನಾ ಹೇಳೂದು ಇಷ್ಟರಿ: ಅಮಲು ಕಡಿಮಿ ನೋಡ್ರಿ, ಕಟಗಿ ವಾಸನಿ ಬಿಡ್ರಿ, ಚೂರ ಸಿಹಿ ಇದ್ರ ಹೆದರಬ್ಯಾಡ್ರಿ.

ಊಟ ಆದಮ್ಯಾಲ ಓಮಾ ಹದಿನೈದ ವರ್ಷದ ಹಳೇ ರೀಸ್ಲಿಂಗ್ ತಗದು ಅಪ್ಪಗ ಮೂಸಿ ನೋಡು ಅಂದ್ಲು. ಅಂವಾ ಕುಡಿಯೂ ಪೈಕಿ ಅಲ್ಲ, ಮೂಸಿದ. "ಒಲಿ ಹಚ್ಚಾಕ ಇಟ್ಟಿದ್ದ ಚಿಮಣಿ ಎಣ್ಣಿ ಇದರಾಗ ಯಾರ ಹಾಕ್ಯಾರ?" ಅಂದ. ನಾ ಅದನ್ನ ಹೇಳಿದ್ದಕ್ಕ ಓಮಾ ಚಪ್ಪಾಳಿ ಹೊಡದು ನಕ್ಲು. ರೀಸ್ಲಿಂಗ್ ಹಳೇದಾದ್ರ ಖರೇನ ಚಿಮಣಿ ಎಣ್ಣಿ ವಾಸನಿ ಬರ್ತೈತಿ, ಇಲ್ಲಿ ಮಂದಿ ಅದಕ್ಕ ಪೆಟ್ರೋಲ್ ಅಂತಾರ. ಬಿಸಲಿಗೆ ಬೆಂದ ಕಾಳಿನ್ಯಾಗ ಅದರ ಬೀಜ ಇರ್ತೈತಿ, ಬಾಟ್ಲಿಯೊಳಗ ವರ್ಷ ಕಳದಂಗ ಹೊರಗ ಬರ್ತೈತಿ. ಕೆಲವರಿಗೆ ಅದು ಪ್ರಾಣ, ಕೆಲವರು ಮೂಗ ಮುಚಗೋತಾರ. ನಾನು ಎರಡನೇ ಗುಂಪು.

ಅವ್ವನ ಕಥಿ ಬ್ಯಾರೆ ಆತು. ಸುಗ್ಗಿ ಶುರುವಾದ್ರ ಇಲ್ಲಿ ಫೆಡರ್‌ವೈಸರ್ ಅಂತ ಮಾರ್ತಾರ, ಅರ್ಧಾ ಹುದುಗು ಬಂದ ರಸಾ. ಇನ್ನೂ ಕುದಿಯಾಕ ಹತ್ತಿರತೈತಿ, ಹಂಗಾಗಿ ಮುಚ್ಚಳ ಬಿಗಿ ಇರಂಗಿಲ್ಲ, ಬಾಟ್ಲಿ ಅಡ್ಡ ಮಲಗಸಿದ್ರ ಫ್ರಿಜ್ ತುಂಬ ಜಾತ್ರಿ. ಉಳ್ಳಾಗಡ್ಡಿ ಹಾಕಿ ಬೇಯಿಸಿದ ರೊಟ್ಟಿಯಂಥಾದ್ದರ ಜೋಡಿ ಕುಡೀತಾರ. ಅವ್ವ ಅದರ ನೊರಿ ನೋಡಿ, ಮೂಸಿ, "ಇದು ನಮ್ಮ ಹುಳಿ ಹಿಟ್ಟು. ದ್ವಾಸಿ ಹಿಟ್ಟ ಹೆಚ್ಚ ಹೊತ್ತ ಇಟ್ರ ಹಿಂಗ ನಾರ್ತೈತಿ" ಅಂದ್ಲು. ಕುಡೀಲಿಲ್ಲ. ಆದ್ರ ಅವತ್ತಿಂದ ಸೆರೆ ಅನ್ನೂ ಶಬ್ದ ಬಿಟ್ಟು "ಆ ಹುಳಿ ರಸಾ" ಅನ್ನಾಕ ಶುರು ಮಾಡಿದ್ಲು. ಮನ್ಯಾಗ ಇದನ್ನ ದೊಡ್ಡ ಬದಲಾವಣಿ ಅಂತ ತಿಳೀಬೇಕು.

ನಡುವ ಒಂದ ದಿನಾ ನದಿ ದಾಟಿ ಯೊಹಾನಿಸ್‌ಬೆರ್ಗ್ ಅರಮನಿ ತೋಟಕ್ಕ ಹೋಗಿದ್ವಿ. ಅಲ್ಲೆ ಕುದರಿ ಸವಾರಂದು ಒಂದು ಮೂರ್ತಿ ಐತಿ. ಅದರ ಕಥಿ ಹಿಂಗ ಹೇಳ್ತಾರ. ಆಗಿನ ಕಾಲಕ್ಕ ಆ ತೋಟ ಫುಲ್ಡಾ ಊರಿನ ಮಠದ ಧಣಿಯದು, ಅಂವಾ ಅಪ್ಪಣಿ ಕೊಟ್ಟ ಮ್ಯಾಲನ ಹಣ್ಣ ಕೊಯ್ಯೂದು. 1775ರಾಗ ಅಪ್ಪಣಿ ತರೂ ಸವಾರ ತಡಾ ಮಾಡಿದ. ಅಂವಾ ಬರೂದರೊಳಗ ಕಾಳಿಗೆ ಬೂಸ್ಟ ಹತ್ತಿ ಸುಕ್ಕಿ ಹೋಗಿದ್ದು. ವಿಧಿ ಇಲ್ಲದ ಅದನ್ನ ಹಿಂಡಿದ್ರು, ವೈನು ಅಮೃತ ಆತು. ಅಲ್ಲಿಂದ ಸ್ಪೇಟ್‌ಲೇಸೆ, ಅಂದ್ರ ತಡಾ ಕೊಯ್ಲು, ಅನ್ನೂ ದರ್ಜೆ ಬಂತು. ಅದಕ್ಕೂ ಮ್ಯಾಲ ಆರಿಸಿದ ಗೊನಿಯದು, ಆರಿಸಿದ ಕಾಳಿಂದು, ಬೂಸ್ಟ ಹತ್ತಿ ಒಣಗಿದ ಕಾಳಿಂದು ಅಂತ ಮೆಟ್ಟಲ ಏರಕೋತ ಹೋಗ್ತಾವ. ಕಡೇದ್ದು ಹನಿ ಹನಿ ಮಾರ್ತಾರ, ಅಷ್ಟ ತುಟ್ಟಿ. ಮೈನಸ್ 7 ಡಿಗ್ರಿ ಥಂಡಿಯೊಳಗ ಬಳ್ಳಿ ಮ್ಯಾಲನ ಗಡ್ಡಿ ಕಟ್ಟಿದ ಕಾಳು ಹಿಂಡಿ ಮಾಡೂ ಐಸ್‌ವೈನೂ ಐತಿ, ಥಂಡಿ ಕಡಿಮಿ ಆಗಾಕ ಹತ್ತಿ ಅದು ಈಗ ಅಪರೂಪ.

ಬೂಸ್ಟ ಹತ್ತಿದ ಕಾಳಿಗೆ ಇಷ್ಟ ಮರ್ಯಾದಿ ಅಂದದ್ದು ಕೇಳಿ ಅಪ್ಪ ತಲಿ ಕೊಡವಿದ. ಡೌನಿ, ಬೂದಿ ರೋಗ ಅಂತ ಔಷಧ ಹೊಡದ ಹೊಡದ ಕೈ ಬಿದ್ದಾವ ಅಂವಂದು. ಆದ್ರ ಅಂವನ ತಲಿಗೆ ಹೊಕ್ಕದ್ದು ಬೂಸ್ಟ ಅಲ್ಲ, ಕುದರಿ ಸವಾರ. ವಾಪಸ್ ಬಸ್ಸಿನಾಗ ಅಂದ: "ಇವರಿಗೆ ತಡಾ ಆದ್ರ ಲಾಭ. ನಮಗ ತಡಾ ಆದ್ರ ಲುಕ್ಸಾನ. ಅಪ್ಪಣಿ ಕೊಡಾಂವ ಮಾತ್ರ ಎರಡೂ ಕಡೆ ಬ್ಯಾರೇದಾಂವ."

ಅಕ್ಟೋಬರ್ ಮೊದಲ ವಾರ ಮಳಿ ಬರ್ತೈತಿ ಅಂತ ಹವಾಮಾನದವರು ಹೇಳಿದ್ರು. ರೀಸ್ಲಿಂಗ್ ಕೊಯ್ಯೂದೋ ಬಿಡೂದೋ? ಓಮಾನ ಮಗಾ ಸಾಲಿನಾಗ ನಿಂತು ಕಾಳು ಅಗದು, ಬೀಜಾ ಅಂಗೈಗೆ ಉಗುಳಿ ಬಣ್ಣ ನೋಡಿದ. ಬೀಜಾ ಕಂದಾಗಿದ್ದು. ಸಕ್ರಿ 19ರ ಹತ್ತಿರ. ಹುಳಿ ಅಳದು ತರಿಸಿದ್ದ, ಲೀಟರಿಗೆ 11 ಗ್ರಾಂ. "ಇನ್ನ ನಾಕ ದಿನಾ" ಅಂದ. ಮಳಿ ಬಂದ್ರ ಕಾಳ ಒಡೀಬಹುದು, ಆದ್ರೂ ಹುಳಿ ಇಳಿಯೂ ತನಕ ಕಾಯ್ತೀನಿ ಅಂದ. ಅಪ್ಪ ಇದನ್ನ ನಿಂತ ನೋಡಿದ. ರಾತ್ರಿ ಊಟಕ್ಕ ಕುಂತಾಗ ಅಂವಾ ಹೇಳಿದ ಮಾತು ಇದು: "ಇಲ್ಲೆ ಹುಳಿ ಇಳಿಯೂ ತನಕ ಕಾಯ್ತಾರ. ನಮ್ಮಲ್ಲೆ ಹುಳಿ ಓಡಿ ಹೋಗೂದರೊಳಗ ಹಿಡೀಬೇಕು. ಫೆಬ್ರವರಿ ಕಡೀ ವಾರ ನಾಕ ದಿನಾ ಅಂದ್ರ ಏನಂತ ಆ ಕಂಪನಿಯವರಿಗೆ ಗೊತ್ತೈತೋ ಇಲ್ಲೋ?"

ಶೆನಿನ್ ಬ್ಲಾಂ ಬಗ್ಗೆ ನಾ ಅಂವಗ ಹೇಳಿದ್ದೆ. ಫ್ರಾನ್ಸಿನ ಲ್ವಾರ್ ನದಿ ದಂಡಿ ತಳಿ, ವೂವ್ರೇ ಊರಾಗ ಅದ ಒಂದರಿಂದ ಒಣದು, ಅರ್ಧಾ ಸಿಹಿ, ಪೂರಾ ಸಿಹಿ, ಗುಳ್ಳಿ ಬರೂದು, ನಾಕೂ ಮಾಡ್ತಾರ. ದಕ್ಷಿಣ ಆಫ್ರಿಕಾದಾಗ ಎಲ್ಲಕ್ಕಿಂತ ಹೆಚ್ಚ ಇರೂದು ಅದ. ಸೆಕಿಯೊಳಗೂ ತಕ್ಕಮಟ್ಟಿಗೆ ಹುಳಿ ಹಿಡಕೊಂಡಿರೂ ಗುಣಕ್ಕ ನಾಸಿಕದವರೂ ಅದನ್ನ ಮೆಚಗೊಂಡ್ರು. ಅದರ ಜೋಡಿ ಸೋವಿನ್ಯೋನ್ ಬ್ಲಾಂನೂ ಹಚ್ಚಿದ್ರು. ಅದಕ್ಕ ಡೊಣ್ಣ ಮೆಣಸಿನಕಾಯಿ ವಾಸನಿ, ಎರಡರಾಗೂ ಇರೂ ಅಂಶ ಒಂದ. ನ್ಯೂಜಿಲೆಂಡಿನ ಮಾರ್ಲ್‌ಬರೊ ಸೀಮಿ ಆ ಒಂದ ವಾಸನಿ ಮ್ಯಾಲ ಜಗತ್ತಿನಾಗ ಹೆಸರ ಮಾಡೇತಿ. ಬಿಸಲ ಜಾಸ್ತಿ ಆದ್ರ ಅದು ಹಾರಿ ಹೋಗ್ತೈತಿ. ಹಂಗ ನೋಡಿದ್ರ ಕಂಪನಿಯವರು ಶೆನಿನ್ ಕೇಳಿದ್ದು ಸರೀನ ಇತ್ತು. ನಮ್ಮ ಸರ್ಕಾರಾನೂ 2007ರಾಗ ದ್ರಾಕ್ಷಾರಸ ನೀತಿ ಅಂತ ಮಾಡಿ ಕೃಷ್ಣಾ ಕಣಿವಿ ಜಿಲ್ಲಾಗೋಳ ಹೆಸರ ಬರದಿತ್ತು. ತಳಿ ತಪ್ಪಲ್ಲ, ಸೀಮೀನೂ ತಪ್ಪಲ್ಲ.

ಅಪ್ಪ ಫೋನ್ ಹಚ್ಚಿ ತಮ್ಮಗ ಕರಾರ ಓದು ಅಂದ. ಅಂವಾ ಓದಿದ. ಬ್ರಿಕ್ಸ್ 20ಕ್ಕ ಕಡಿಮಿ ಇರಬಾರದು. ರೇಟು ಇಷ್ಟ. ಗುಣಮಟ್ಟ ಕಂಪನಿ ತೀರ್ಮಾನ. ಕೊಯ್ಯೂ ದಿನಾ ಕಂಪನಿ ತಿಳಸ್ತೈತಿ.

"ಹುಳಿ ಎಷ್ಟ ಇರಬೇಕಂತ ಬರದಾರೇನು?"

ಇಲ್ಲ.

"ಅವರ ಗಾಡಿ ನಾಕ ದಿನಾ ತಡಾ ಬಂದ್ರ, ಹುಳಿ ಇಳದ್ರ, ಲುಕ್ಸಾನ ಯಾರದು?"

ತಮ್ಮ ಸುಮ್ಮಾದ.

"ಥಾಮ್ಸನ್ ಆದ್ರ ಪ್ಯಾಟಿಗೆ ಒಯ್ಯಬಹುದು, ಇಲ್ಲಂದ್ರ ಒಣಗಸಬಹುದು. ಇದು ಬೀಜದ ಸಣ್ಣ ಕಾಳು. ತಿನ್ನಾಕೂ ಬರಂಗಿಲ್ಲ, ಮಣೂಕಾನೂ ಆಗಂಗಿಲ್ಲ. ಅವರ ಒಲ್ಲೆ ಅಂದ್ರ ಎಲ್ಲೆ ಸುರೀಲಿ?"

ಇದು ಬರೇ ಅಂಜಿಕಿ ಮಾತಲ್ಲ. 2008ರ ಆಸುಪಾಸು ವೈನ್ ಮಾರಾಟ ಬಿದ್ದಾಗ ನಾಸಿಕದ ಕಡೆ ಭಾಳ ರೈತರ ಹಣ್ಣಿಗೆ ಗಿರಾಕಿ ಇಲ್ಲದಂಗಾಗಿ ಬಳ್ಳಿ ಕಿತ್ತ ಒಗದದ್ದು ನಮ್ಮ ಕಡೆ ದ್ರಾಕ್ಷಿ ಬೆಳೆಯೂ ಎಲ್ಲಾರಿಗೂ ಗೊತ್ತೈತಿ. ತಮ್ಮಗ ಸಿಟ್ಟ ಬಂತು. "ನೀ ಎಲ್ಲಾದ್ರಾಗೂ ಕಲ್ಲ ಹುಡಕ್ತಿ ಅಪ್ಪಾ" ಅಂದು ಫೋನ್ ಇಟ್ಟ. ಅಂವಂದೂ ಪೂರಾ ತಪ್ಪಿಲ್ರಿ. ಮಣೂಕಕ್ಕ ರೇಟ್ ಇಲ್ಲದ ವರ್ಷ ಸಾಲದ ಕಂತಿಗೆ ಓಡ್ಯಾಡಾಂವ ಅಂವನ, ಅಪ್ಪ ಅಲ್ಲ.

ಹೋಗೂ ಮುಂಚಿನ ದಿನಾ ಅಪ್ಪ ಓಮಾನ ಮಗನ ಜೋಡಿ ಬಳ್ಳಿ ಬುಡಾ ನೋಡಕೋತ ಕುಂತಿದ್ದ. ಇಲ್ಲಿ ಎಲ್ಲಾ ಬಳ್ಳೀನೂ ಕಸಿ, ಬೇರು ತಿನ್ನೂ ಫಿಲಾಕ್ಸೆರಾ ಹುಳಕ್ಕ ಹೆದರಿ ಅಮೆರಿಕದ ಬೇರಿಗೆ ಯುರೋಪಿನ ತಲಿ ಕಟ್ಯಾರ. ನಮ್ಮಲ್ಲೂ ಡಾಗ್‌ರಿಜ್ ಬೇರಿಗೆ ಥಾಮ್ಸನ್ ಕಟ್ಟಿರ್ತಾರ, ನೀರ ಕಡಿಮಿ, ಸವಳ ಜಾಸ್ತಿ ಅಂತ. ಒಂದ ಸಾಲಿನಾಗ ಹಳೇ ಬಳ್ಳಿ ಕೊಯ್ದು, ಅದ ಬುಡಕ್ಕ ಬ್ಯಾರೆ ತಳಿ ಕಟ್ಟಿದ್ದು ಕಂಡತು. "ಕೀಳಬೇಕಾಗಿಲ್ಲಲ್ಲ" ಅಂದ ಅಪ್ಪ, ತನಗ ತಾನ.

ಈಗ ಡಿಸೆಂಬರ್. ಊರಾಗ ಕಾಳು ಬಟಾಣಿ ಗಾತ್ರಕ್ಕ ಬಂದಾವ, ಇಲ್ಲಿ ಬಳ್ಳಿ ಬರಲ ನಿಂತಾವ. ಎರಡ ಎಕರೆ ಥಾಮ್ಸನ್ ಹಂಗ ಅದಾವ. ಅಪ್ಪ ತಮ್ಮನ್ನ ಕರಕೊಂಡು ಕಂಪನಿ ಆಫೀಸಿಗೆ ಹೋಗಿ ಎರಡ ಸಾಲು ಬರಸ್ರಿ ಅಂತ ಕೇಳ್ಯಾನ. ಹುಳಿ ಇಷ್ಟರಿಂದ ಇಷ್ಟು ಅಂತ ಒಂದು. ಕೊಯ್ಯೂ ದಿನಾ ರೈತಾ ತಿಳಿಸಿದ 48 ತಾಸಿನೊಳಗ ಗಾಡಿ ಬರಬೇಕು, ಬರದಿದ್ರ ರೇಟ್ ಪೂರಾ ಕೊಡಬೇಕು ಅಂತ ಇನ್ನೊಂದು. ಹೆಡ್ ಆಫೀಸಿಗೆ ಕಳಸ್ತೀವಿ ಅಂದಾರಂತ. ಅವರು ಬರಕೊಟ್ರೂ ಕೊಡದಿದ್ರೂ, ಮುಂದಿನ ಆಗಸ್ಟಿನಾಗ ಒಂದ ಸಾಲಿಗೆ ಶೆನಿನ್ ಕಡ್ಡಿ ಕಸಿ ಕಟ್ಟೂದು ಅಂತ ಇಬ್ಬರೂ ಒಪ್ಪಗೊಂಡಾರ. ತಮ್ಮ ಇನ್ನ ಸ್ವಲ್ಪ ಬಿಗೀಕೊಂಡ ಅದಾನ. ಮೊನ್ನೆ ಮಾತ್ರ ನನಗ ಮೆಸೇಜ್ ಮಾಡಿದ್ದ: ಅಕ್ಕಾ, ಹುಳಿ ಅಳಿಯೂ ಕಿಟ್ ಅಲ್ಲೆ ಎಷ್ಟಕ್ಕ ಸಿಗ್ತೈತಿ?